ವಾಹನ ಪ್ರಶ್ನೋತ್ತರ: ಬಂಪರಿನ ಕೆಳಗೆ ನುಗ್ಗುವ ಗಾಳಿ

ಕಾರಿನ ಮುಂಭಾಗದಲ್ಲಿ ಗಾಳಿಯನ್ನು ತಡೆಯುವ, ಸೀಳುವ, ತಿರುಗಿಸುವ ಬಿಡಿಭಾಗಗಳ ಕುರಿತು ಮುಂಬಯಿ, ಪುಣೆ ಮತ್ತು ಗೋವೆಯ ಓದುಗರಿಂದ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹೊಸ ಕಾರು ನೋಡಲು ಹೋದಾಗ ಶೋರೂಮಿನವರು ಬಂಪರಿನ ಕೆಳಭಾಗದ ಜೇನುಗೂಡಿನಂಥ ಕಪ್ಪು ಜಾಲರಿಯನ್ನು ತೋರಿಸಿ, ‘ಇದು ಏರ್ ಡ್ಯಾಮ್’ ಎಂದರು. ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಅದು ಏರ್ ಡ್ಯಾಮ್ ಅಲ್ಲವೇ ಅಲ್ಲ ಎನ್ನುತ್ತಾನೆ. ಆಕ್ಸೆಸರಿ ಅಂಗಡಿಯಲ್ಲಿ ಬಂಪರಿನ ಅಂಚಿಗೆ ಅಂಟಿಸುವ ಪಟ್ಟಿಯನ್ನು ಒಬ್ಬರು ಲಿಪ್ ಎಂದೂ ಇನ್ನೊಬ್ಬರು ಸ್ಪ್ಲಿಟರ್ ಎಂದೂ ಮಾರುತ್ತಾರೆ. ಇವುಗಳಲ್ಲಿ ಯಾವುದು ಯಾವುದು, ದಯವಿಟ್ಟು ವಿವರಿಸಿ.
ಡೊಂಬಿವಲಿಯ ಓದುಗರು

ಉತ್ತರ: ನಿಮ್ಮ ತಂಗಿಯ ಮಗನ ಮಾತೇ ಸರಿ. ಶೋರೂಮಿನವರು ತೋರಿಸಿದ್ದು ರೇಡಿಯೇಟರಿಗೆ, ಏಸಿಯ ಕಂಡೆನ್ಸರಿಗೆ, ಟರ್ಬೊ ಎಂಜಿನ್ ಇದ್ದರೆ ಇಂಟರ್‌ಕೂಲರಿಗೆ ಗಾಳಿಯನ್ನು ಒಳಬಿಡುವ ಬಾಯಿ. ಅದನ್ನು ಕೆಳ ಗ್ರಿಲ್ ಅಥವಾ ಏರ್ ಇಂಟೇಕ್ ಎನ್ನಬೇಕು. ಏರ್ ಡ್ಯಾಮ್ ಮಾಡುವ ಕೆಲಸ ಇದಕ್ಕೆ ನೇರ ವಿರುದ್ಧವಾದದ್ದು. ಗ್ರಿಲ್ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಏರ್ ಡ್ಯಾಮ್ ಎಂಬುದು ಬಂಪರಿನ ಕೆಳ ಅಂಚಿನಿಂದ ನೆಲದ ಕಡೆಗೆ ಇಳಿದು, ಗಾಳಿ ಕಾರಿನ ಅಡಿಗೆ ನುಗ್ಗದಂತೆ ಅಡ್ಡ ನಿಲ್ಲುವ ಹಾಳೆ. ನಮ್ಮ ದೇಶದ ವಾಹನ ವಿಮರ್ಶೆಗಳಲ್ಲಿಯೂ ಮಾರಾಟಗಾರರ ಮಾತಿನಲ್ಲಿಯೂ ಕೆಳ ಗ್ರಿಲ್ಲನ್ನೇ ಏರ್ ಡ್ಯಾಮ್ ಎನ್ನುವ ರೂಢಿ ಗಟ್ಟಿಯಾಗಿ ಬೇರೂರಿದೆ. ಮಾತಿಗೆ ಮಾತ್ರ ಸೀಮಿತವಾಗಿದ್ದರೆ ಇದನ್ನು ಎತ್ತಿ ಆಡಬೇಕಾಗಿರಲಿಲ್ಲ. ಆದರೆ ಒಡೆದ ಏರ್ ಡ್ಯಾಮ್ ಬದಲಿಸಲು ಹೋದವರ ಕೈಗೆ ಅಂಗಡಿಯವರು ಗ್ರಿಲ್ಲಿನ ಜಾಲರಿಯನ್ನು ಕೊಡುವ ಪ್ರಸಂಗಗಳು ಇದರಿಂದಲೇ ಹುಟ್ಟುತ್ತವೆ. ಆದ್ದರಿಂದ ಬಿಡಿಭಾಗವನ್ನು ತರಿಸುವಾಗ ಹೆಸರಿನ ಜೊತೆಗೆ ಕಂಪನಿಯ ಪಾರ್ಟ್ ನಂಬರನ್ನೂ ತಪ್ಪದೆ ಹೇಳಿ.

ಗಾಳಿಯನ್ನು ಕಾರಿನ ಅಡಿಗೆ ಬಿಡದಿರುವುದೇಕೆ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಕಾರಿನ ಮೇಲ್ಮೈ ಎಷ್ಟು ನುಣುಪೋ ತಳಭಾಗ ಅಷ್ಟೇ ಒರಟು: ಸೈಲೆನ್ಸರ್ ಕೊಳವೆ, ಸಸ್ಪೆನ್ಷನ್ನಿನ ತೋಳುಗಳು, ಎಂಜಿನ್ನಿನ ತಳ, ಇಂಧನದ ಟ್ಯಾಂಕು ಎಲ್ಲವೂ ಅಲ್ಲಿ ತೆರೆದುಕೊಂಡಿರುತ್ತವೆ. ವೇಗವಾಗಿ ನುಗ್ಗಿದ ಗಾಳಿ ಇವುಗಳಿಗೆ ಬಡಿದು ಸುಳಿಸುಳಿಯಾಗಿ ಕದಡುತ್ತದೆ ಮತ್ತು ಆ ಕದಡುವಿಕೆಗೆ ಬೇಕಾದ ಶಕ್ತಿಯನ್ನು ಎಂಜಿನ್ನಿನಿಂದಲೇ ಕಸಿದುಕೊಳ್ಳುತ್ತದೆ. ಇನ್ನೊಂದು ಕಡೆ, ಬಾನೆಟ್ಟು ಮತ್ತು ಮೇಲ್ಛಾವಣಿಯ ಉಬ್ಬಿನ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುವುದರಿಂದ, ತಳದಲ್ಲಿ ಉಳಿದ ಹೆಚ್ಚಿನ ಒತ್ತಡ ಕಾರನ್ನು ತುಸು ಮೇಲಕ್ಕೆ ಎತ್ತುತ್ತದೆ. ವೇಗ ಹೆಚ್ಚಿದಂತೆ ಸ್ಟಿಯರಿಂಗ್ ಹಗುರವಾದಂತೆ ಅನಿಸುವುದಕ್ಕೆ ಇದೂ ಒಂದು ಕಾರಣ. ಏರ್ ಡ್ಯಾಮ್ ಅಡ್ಡ ನಿಂತಾಗ ಅದರ ಹಿಂದೆ ಒತ್ತಡ ತಗ್ಗಿ, ಎಳೆತವೂ (ಗಾಳಿ ಕಾರನ್ನು ಹಿಂದಕ್ಕೆ ಎಳೆಯುವ ಬಲ) ಮೇಲೆತ್ತುವ ಬಲವೂ ಕಡಿಮೆಯಾಗುತ್ತವೆ. ಆ ಹಾಳೆಗೇ ಸ್ವಲ್ಪ ಗಾಳಿ ಬಡಿಯುವುದು ನಿಜವಾದರೂ, ತಳದಲ್ಲಿ ಉಳಿಸುವ ಎಳೆತ ಅದಕ್ಕಿಂತ ಹೆಚ್ಚಾಗುವಂತೆ ಅದರ ಆಳವನ್ನು ಕಂಪನಿಯವರು ನಿರ್ಧರಿಸಿರುತ್ತಾರೆ.

ಸ್ಪ್ಲಿಟರ್ ಬೇರೆ ಜಾತಿಯದು. ಏರ್ ಡ್ಯಾಮ್ ನಿಂತ ಹಾಳೆಯಾದರೆ ಸ್ಪ್ಲಿಟರ್ ಮಲಗಿದ ಹಾಳೆ. ಬಂಪರಿನ ಕೆಳ ಅಂಚಿನಲ್ಲಿ ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬಂಪರಿಗೆ ನೇರವಾಗಿ ಬಡಿದ ಗಾಳಿ ಒಂದು ಕ್ಷಣ ನಿಂತುಬಿಡುವುದರಿಂದ ಅಲ್ಲಿ ಒತ್ತಡ ಅತಿ ಹೆಚ್ಚು. ಆ ಒತ್ತಡ ಸ್ಪ್ಲಿಟರಿನ ಮೇಲ್ಮೈಯನ್ನು ಕೆಳಕ್ಕೆ ಅದುಮುತ್ತದೆ. ಅದೇ ಹೊತ್ತಿಗೆ ಹಾಳೆಗೂ ರಸ್ತೆಗೂ ನಡುವಿನ ಕಿರಿದಾದ ಸಂದಿನಲ್ಲಿ ಗಾಳಿ ರಭಸವಾಗಿ ಓಡಿ ಒತ್ತಡ ಕುಸಿಯುತ್ತದೆ. ಮೇಲಿನ ತಳ್ಳುವಿಕೆ, ಕೆಳಗಿನ ಸೆಳೆತ ಎರಡೂ ಸೇರಿ ಮುಂದಿನ ಚಕ್ರಗಳನ್ನು ರಸ್ತೆಗೆ ಒತ್ತುತ್ತವೆ. ಇದಕ್ಕೆ ಡೌನ್‌ಫೋರ್ಸ್ ಎನ್ನುತ್ತಾರೆ. ರೇಸಿನ ಕಾರುಗಳಲ್ಲಿ ಈ ಹಾಳೆ ಬಂಪರಿನಿಂದ ಮುಂದಕ್ಕೆ ಚಾಚುವುದಷ್ಟೇ ಅಲ್ಲ, ಹಿಂದಕ್ಕೂ ಚಕ್ರಗಳವರೆಗೆ ತಳವನ್ನು ಮುಚ್ಚುತ್ತಾ ಹೋಗುತ್ತದೆ. ಹೆಚ್ಚಿನ ಬಲ ಹುಟ್ಟುವುದು ಕಣ್ಣಿಗೆ ಕಾಣದ ಆ ಭಾಗದಲ್ಲಿಯೇ.

ಅಮೆರಿಕದ ನಾಸ್ಕಾರ್ ರೇಸುಗಳನ್ನು ಗಮನಿಸಿದರೆ ಈ ವ್ಯತ್ಯಾಸ ಚೆನ್ನಾಗಿ ಮನದಟ್ಟಾಗುತ್ತದೆ. ಅಲ್ಲಿನ ಕಾರುಗಳು ಬಹುಕಾಲ ನೆಲಕ್ಕೆ ತಾಗುವಷ್ಟು ಕೆಳಗಿಳಿದ ಏರ್ ಡ್ಯಾಮ್ ಹೊತ್ತು ಓಡುತ್ತಿದ್ದವು. 2007ರಲ್ಲಿ ಬಂದ ಹೊಸ ಮಾದರಿಯ ಕಾರಿನಲ್ಲಿ ಮುಂದಕ್ಕೆ ಚಾಚಿದ ಸ್ಪ್ಲಿಟರ್ ಸೇರಿತು.

ಇನ್ನು ಲಿಪ್, ಚಿನ್ ಸ್ಪಾಯ್ಲರ್ ಎಂಬ ಹೆಸರುಗಳು. ಬಂಪರಿನ ಕೆಳ ಅಂಚಿಗೆ ಸೇರಿಸಿದ, ಎರಡು ಮೂರು ಬೆರಳಿನಷ್ಟು ಎತ್ತರದ ಪಟ್ಟಿಗೆ ಲಿಪ್ ಎನ್ನುತ್ತಾರೆ. ಅದು ಕೆಳಕ್ಕೆ ಇಳಿದಿದ್ದರೆ ಪುಟ್ಟ ಏರ್ ಡ್ಯಾಮಿನಂತೆಯೂ, ಮುಂದಕ್ಕೆ ಚಾಚಿದ್ದರೆ ಪುಟ್ಟ ಸ್ಪ್ಲಿಟರಿನಂತೆಯೂ ಕೆಲಸ ಮಾಡುತ್ತದೆ. ಚಿನ್ ಸ್ಪಾಯ್ಲರ್ ಎಂದರೆ ಬಹುಮಟ್ಟಿಗೆ ಏರ್ ಡ್ಯಾಮೇ. ಹಳೆಯ ಕಾರುಗಳ ವಿಷಯದಲ್ಲಿ ಈ ಹೆಸರು ಹೆಚ್ಚು ಬಳಕೆಯಲ್ಲಿದೆ. ಎಂಜಿನ್ ಹಿಂದೆ ಇರುವುದರಿಂದ ಮುಂಭಾಗ ಹಗುರವಾಗಿದ್ದ ಪೋರ್ಷೆ 911ರ ಎಸ್ ಮಾದರಿಗೆ 1972ರ ಹೊತ್ತಿಗೆ ಇಂಥದೊಂದನ್ನು ಜೋಡಿಸಿದರು. ವೇಗದಲ್ಲಿ ಮೂತಿ ಎದ್ದು ನಿಲ್ಲುವುದನ್ನು ತಡೆಯುವುದೇ ಅದರ ಉದ್ದೇಶವಾಗಿತ್ತು. 1973ರಲ್ಲಿ ಬಂದ ಬಿಎಂಡಬ್ಲ್ಯು 2002 ಟರ್ಬೊ ಕಾರಿನ ಮುಂದಿನ ಸ್ಪಾಯ್ಲರಿನ ಮೇಲೆ ಕಾರಿನ ಹೆಸರನ್ನು ತಿರುಗುಮುರುಗಾಗಿ ಬರೆದು ತೋರಿಸಿದ್ದರು. ಮುಂದೆ ಹೋಗುವವರು ತಮ್ಮ ಕನ್ನಡಿಯಲ್ಲಿ ಅದನ್ನು ನೇರವಾಗಿ ಓದಿಕೊಳ್ಳಬೇಕೆಂಬುದು ಅದರ ಆಶಯ. ನಮ್ಮ ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕ್ರೋಮ್ ಬಂಪರಿನ ಕೆಳಗೆ ಇಂಥ ಯಾವುದೂ ಇರಲಿಲ್ಲ, ಆ ವೇಗಕ್ಕೆ ಬೇಕಾಗಿಯೂ ಇರಲಿಲ್ಲ.

ಬಂಪರಿನ ಎರಡು ಮೂಲೆಗಳಲ್ಲಿ ಓರೆಯಾಗಿ ನಿಲ್ಲಿಸುವ ಪುಟ್ಟ ರೆಕ್ಕೆಗಳಿಗೆ ಕೆನಾರ್ಡ್ ಅಥವಾ ಡೈವ್ ಪ್ಲೇನ್ ಎಂದು ಹೆಸರು. ಬಂಪರಿನ ತುದಿಯ ಉದ್ದನೆಯ ಸೀಳಿನಿಂದ ಗಾಳಿಯನ್ನು ಒಳಗೆಳೆದು ಮುಂದಿನ ಚಕ್ರದ ಹೊರಮೈಗೆ ಪರದೆಯಂತೆ ಹಾಯಿಸುವ ವ್ಯವಸ್ಥೆ ಏರ್ ಕರ್ಟನ್. ಇದು ಉಪಯುಕ್ತವಾದದ್ದು, ಏಕೆಂದರೆ ತಿರುಗುವ ಚಕ್ರಗಳ ಸುತ್ತ ಏಳುವ ಕಲಕು ಕಾರಿನ ಒಟ್ಟು ಎಳೆತದಲ್ಲಿ ದೊಡ್ಡ ಪಾಲು. ಆದರೆ ಹಲವು ಕಾರುಗಳಲ್ಲಿ ಸೀಳಿನ ಆಕಾರ ಮಾತ್ರ ಇದ್ದು ಹಿಂದೆ ಪ್ಲಾಸ್ಟಿಕ್ ಮುಚ್ಚಿರುತ್ತದೆ. ಬೆರಳು ತೂರಿಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಸೊಸೈಟಿಯ ಗೇಟಿನ ಹಂಪ್‌ಗೆ ತಾಗಿ ಕಾರಿನ ಬಂಪರಿನ ಕೆಳಗಿದ್ದ ಕಪ್ಪು ರಬ್ಬರಿನಂಥ ಪಟ್ಟಿ ಅರ್ಧ ಹರಿದುಹೋಯಿತು. ಗ್ಯಾರೇಜಿನವರು ಉಳಿದ ಅರ್ಧವನ್ನೂ ಕಿತ್ತುಹಾಕಿ, ‘ಇದು ಬರೀ ಶೋಗೆ, ಇಲ್ಲದಿದ್ದರೂ ನಡೆಯುತ್ತದೆ’ ಎಂದರು. ಊರೊಳಗೆ ಕಾರು ಚೆನ್ನಾಗಿಯೇ ಓಡುತ್ತಿದೆ. ಮತ್ತೆ ಹಾಕಿಸಬೇಕೇ?
ಚಿಂಚವಡದ ಓದುಗರು, ಪುಣೆ

ಉತ್ತರ: ಖಂಡಿತವಾಗಿ ಹಾಕಿಸಿ. ಕಾರಿನ ಮುಂಭಾಗದಲ್ಲಿ ಅತ್ಯಂತ ಕಡಿಮೆ ಗೌರವ ಪಡೆದ, ಆದರೆ ಪ್ರತಿದಿನ ದುಡಿಯುವ ಭಾಗವೊಂದಿದ್ದರೆ ಅದು ಈ ಕಪ್ಪು ಪಟ್ಟಿ, ಎಂದರೆ ಏರ್ ಡ್ಯಾಮ್. ಬಣ್ಣವಿಲ್ಲ, ಹೊಳಪಿಲ್ಲ, ನಿಂತು ನೋಡಿದರೆ ಕಾಣುವುದೂ ಇಲ್ಲ; ಶೋಗೆಂದು ಯಾವ ಕಂಪನಿಯೂ ಕಾಣದ ಜಾಗದಲ್ಲಿ ಹಣ ಹಾಕುವುದಿಲ್ಲ ಎಂಬುದನ್ನು ಆ ಗ್ಯಾರೇಜಿನವರು ಯೋಚಿಸಬೇಕಾಗಿತ್ತು.

ಊರೊಳಗೆ ವ್ಯತ್ಯಾಸ ಕಾಣದಿರುವುದು ಸಹಜ. ಕಾರು ನಿಧಾನವಾಗಿ ಸಾಗುವಾಗ ರೇಡಿಯೇಟರಿನ ಮೂಲಕ ಗಾಳಿಯನ್ನು ಎಳೆಯುವುದು ವಿದ್ಯುತ್ ಫ್ಯಾನು. ಹೆದ್ದಾರಿಯ ವೇಗದಲ್ಲಿ ಫ್ಯಾನಿಗಿಂತ ಹೆಚ್ಚಾಗಿ ಓಡುವ ಕಾರಿಗೆ ಎದುರಾಗುವ ಗಾಳಿಯೇ ಆ ಕೆಲಸ ಮಾಡುತ್ತದೆ. ಆಗ ಮುಖ್ಯವಾಗುವುದು ರೇಡಿಯೇಟರಿನ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ಅಂತರ. ಪಟ್ಟಿ ಇದ್ದಾಗ ಅದರ ಹಿಂದೆ, ಎಂದರೆ ಎಂಜಿನ್ನಿನ ತಳದಲ್ಲಿ, ಒತ್ತಡ ತಗ್ಗಿರುವುದರಿಂದ ರೇಡಿಯೇಟರನ್ನು ದಾಟಿದ ಬಿಸಿಗಾಳಿ ಕೆಳಗಿನಿಂದ ಸಲೀಸಾಗಿ ಹೊರಹೋಗುತ್ತದೆ. ಪಟ್ಟಿ ಕಿತ್ತುಹೋದರೆ ಕೆಳಗಿನಿಂದ ನುಗ್ಗಿದ ಗಾಳಿ ಎಂಜಿನ್ ಕೋಣೆಯಲ್ಲಿ ತುಂಬಿಕೊಂಡು, ಮುಂದಿನಿಂದ ಬರುವ ಗಾಳಿಗೆ ಎದುರು ನಿಲ್ಲುತ್ತದೆ. ಅಮೆರಿಕದಲ್ಲಿ 1984ರಿಂದ ಬಂದ ನಾಲ್ಕನೆಯ ತಲೆಮಾರಿನ ಷೆವ್ರಲೆ ಕಾರ್ವೆಟ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಆ ಕಾರು ರೇಡಿಯೇಟರಿಗೆ ಬೇಕಾದ ಗಾಳಿಯನ್ನು ಮೂತಿಯ ಕೆಳಗಿನಿಂದಲೇ ತೆಗೆದುಕೊಳ್ಳುತ್ತದೆ, ಆ ಗಾಳಿಯನ್ನು ಮೇಲಕ್ಕೆ ತಿರುಗಿಸುವುದು ಏರ್ ಡ್ಯಾಮ್. ಅದು ಮುರಿದುಹೋದ ಕಾರುಗಳು ಊರೊಳಗೆ ತಣ್ಣಗಿದ್ದು ಹೆದ್ದಾರಿಯಲ್ಲಿ ಬಿಸಿಯೇರುತ್ತವೆ. ನಿಮ್ಮ ಕಾರಿಗೆ ಮುಂದೆಯೇ ಗ್ರಿಲ್ ಇರುವುದರಿಂದ ಅಷ್ಟು ತೀವ್ರವಾದ ತೊಂದರೆ ಬರಲಿಕ್ಕಿಲ್ಲ. ಆದರೆ ಮೇ ತಿಂಗಳ ಬಿಸಿಲಿನಲ್ಲಿ, ನಾಲ್ಕೈದು ಜನ ಕುಳಿತು, ಏಸಿ ಹಾಕಿಕೊಂಡು ಮುಂಬಯಿ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವಾಗ ತಂಪಾಗಿಸುವ ವ್ಯವಸ್ಥೆಯಲ್ಲಿ ಕಂಪನಿಯವರು ಇಟ್ಟ ಹೆಚ್ಚುವರಿ ಸಾಮರ್ಥ್ಯ ಕರಗುತ್ತದೆ. ಖಂಡಾಳ ಘಟ್ಟದ ಏರಿನಲ್ಲಿ ವೇಗ ಕಡಿಮೆಯಾದ್ದರಿಂದ ಅಲ್ಲಿ ಪಟ್ಟಿಗಿಂತಲೂ ಫ್ಯಾನು ಮತ್ತು ರೇಡಿಯೇಟರಿನ ಸುತ್ತ ಇರುವ ಸ್ಪಂಜಿನ ಅಂಚುಗಳು ಮುಖ್ಯ. ಗ್ಯಾರೇಜಿಗೆ ಹೋದಾಗ ಅವನ್ನೂ ನೋಡಿಸಿ.

ಪಟ್ಟಿ ಬಾಗುವ ವಸ್ತುವಿನಿಂದಲೇ ಆಗಿರುವುದು ಹಂಪ್‌ಗೆ ತಾಗಿದಾಗ ಮಣಿಯಲಿ ಎಂದು. ‘ಗಟ್ಟಿಯಾಗಿರಲಿ’ ಎಂದು ತಗಡಿನದನ್ನೋ ಫೈಬರಿನದನ್ನೋ ಹಾಕಿಸಿದರೆ ಮುಂದಿನ ಸಲ ಬಂಪರೇ ಕಿತ್ತು ಬರಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಅಂಥ ಉಬ್ಬನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಏನೂ ತಾಗದಂತೆ ದಾಟಬಹುದು. ನಮ್ಮ ವಸತಿ ಸಂಕೀರ್ಣಗಳ ಗೇಟಿನಲ್ಲಿ ಗುತ್ತಿಗೆದಾರರು ಕಟ್ಟುವ ದಿಣ್ಣೆಗಳು ಅದರ ಕಾಲು ಭಾಗದಷ್ಟೂ ಅಗಲವಿರುವುದಿಲ್ಲ, ಎತ್ತರ ಮಾತ್ರ ಅಷ್ಟೇ ಅಥವಾ ಹೆಚ್ಚು. ಸೊಸೈಟಿಯ ಮುಂದಿನ ಸಭೆಯಲ್ಲಿ ಈ ಅಳತೆಯನ್ನು ದಯವಿಟ್ಟು ಪ್ರಸ್ತಾಪಿಸಿ. ನಿಮ್ಮೊಬ್ಬರ ಬಂಪರಿನ ಪ್ರಶ್ನೆ ಅದಲ್ಲ. ಇನ್ನೂ ಒಂದು ಎಚ್ಚರಿಕೆ: ಪಟ್ಟಿಗಳು ಹರಿಯುವುದು ಮುಂದಕ್ಕೆ ಹೋಗುವಾಗಿನಷ್ಟೇ ಹಿಂದಕ್ಕೆ ತೆಗೆಯುವಾಗ. ಪಾರ್ಕಿಂಗ್ ಜಾಗದ ಕಲ್ಲಿನ ಕಟ್ಟೆಯ ಮೇಲೆ ಮೂತಿ ಚಾಚಿ ನಿಲ್ಲಿಸಿದರೆ, ರಿವರ್ಸ್ ತೆಗೆಯುವಾಗ ಪಟ್ಟಿ ಕಟ್ಟೆಗೆ ಸಿಕ್ಕಿ ಕ್ಲಿಪ್ಪುಗಳು ಕಳಚುತ್ತವೆ. ಒಂದು ಗೇಣು ಹಿಂದೆಯೇ ನಿಲ್ಲಿಸಿ.

ಪ್ರಶ್ನೆ: ನನ್ನ ಮಗ ತನ್ನ ಹ್ಯಾಚ್‌ಬ್ಯಾಕಿಗೆ ಸ್ಪ್ಲಿಟರ್, ಮೂಲೆಗಳಿಗೆ ಕೆನಾರ್ಡ್ ಹಾಕಿಸಬೇಕೆಂದು ಹಟ ಹಿಡಿದಿದ್ದಾನೆ. ಘಟ್ಟದ ತಿರುವುಗಳಲ್ಲಿ ಹಿಡಿತ ಹೆಚ್ಚುತ್ತದೆ ಎನ್ನುತ್ತಾನೆ. ನಿಜವೇ? ಕಾನೂನಿನ ತೊಡಕೇನಾದರೂ ಇದೆಯೇ?
ಮಾಪುಸಾದ ಓದುಗರು, ಗೋವೆ

ಉತ್ತರ: ಮಗನ ಜೊತೆ ಕುಳಿತು ಒಂದು ಲೆಕ್ಕ ಮಾಡಿ. ಚಲಿಸುವ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಗಾಳಿ ಪೂರ್ತಿಯಾಗಿ ನಿಂತುಬಿಡುವ ಜಾಗದಲ್ಲಿ ಅದು ಚದರ ಮೀಟರಿಗೆ ಸುಮಾರು 47 ಕಿಲೋ ತೂಕದಷ್ಟು. ಅಂಗಡಿಯ ಸ್ಪ್ಲಿಟರ್ 1.6 ಮೀಟರ್ ಉದ್ದವಿದ್ದು 5 ಸೆಂ.ಮೀ. ಮುಂದಕ್ಕೆ ಚಾಚಿದರೆ ಅದರ ವಿಸ್ತೀರ್ಣ 0.08 ಚದರ ಮೀಟರ್. ಅದರ ಮೇಲ್ಮೈಯುದ್ದಕ್ಕೂ ಆ ಒತ್ತಡ ಪೂರ್ತಿಯಾಗಿ ಬಿದ್ದರೂ ಸಿಗುವುದು 4 ಕಿಲೋಗಿಂತ ಕಡಿಮೆ. ಘಟ್ಟದ ತಿರುವಿನಲ್ಲಿ ಗಂಟೆಗೆ 60 ಕಿ.ಮೀ. ಎಂದುಕೊಂಡರೆ ಒಂದೂವರೆ ಕಿಲೋವೂ ಆಗುವುದಿಲ್ಲ. ತಳದ ಸೆಳೆತ ಇದನ್ನು ಇಮ್ಮಡಿಯಾಗಿಸಿತು ಎಂದೇ ಇಟ್ಟುಕೊಳ್ಳಿ. ಎಂಜಿನ್ನಿನ ಭಾರದಿಂದ ಮುಂದಿನ ಚಕ್ರಗಳ ಮೇಲೆ ಆಗಲೇ ಸುಮಾರು 600 ಕಿಲೋ ಇರುವಾಗ ಈ ಎರಡು ಮೂರು ಕಿಲೋ ಯಾವ ಹಿಡಿತವನ್ನೂ ಕೊಡಲಾರದು. ಗಂಟೆಗೆ 200 ಕಿ.ಮೀ. ದಾಟುವ, ಮೂತಿ ನೆಲಕ್ಕೆ ಅಂಟಿದಂತಿರುವ, ತಳವೆಲ್ಲ ಮುಚ್ಚಿದ ರೇಸಿನ ಕಾರಿನಲ್ಲಿ ಮಾತ್ರ ಈ ಲೆಕ್ಕ ಬೇರೆಯಾಗುತ್ತದೆ. ಅಲ್ಲಿನ ಸ್ಪ್ಲಿಟರನ್ನು ಲೋಹದ ಸರಳುಗಳಿಂದ ಗಟ್ಟಿಯಾದ ಚೌಕಟ್ಟಿಗೆ ಕಟ್ಟಿರುತ್ತಾರೆ, ಒಬ್ಬ ಮನುಷ್ಯ ಹತ್ತಿ ನಿಂತರೂ ತಡೆಯುವಂತೆ. ಎರಡು ಬದಿಯ ಅಂಟುಪಟ್ಟಿಯಿಂದ ನಿಲ್ಲುವ ಭಾಗ ಯಾವ ಬಲವನ್ನೂ ಹೊರುತ್ತಿಲ್ಲ ಎಂಬುದು ಅದರ ಜೋಡಣೆಯಿಂದಲೇ ತಿಳಿಯುತ್ತದೆ.

ಒಂದು ವೇಳೆ ಅದು ನಿಜವಾಗಿಯೂ ಬಲ ಹುಟ್ಟಿಸಿತು ಎಂದರೂ ಸಂತೋಷಪಡುವಂತಿಲ್ಲ. ಮುಂದಿನ ಹಿಡಿತ ಮಾತ್ರ ಹೆಚ್ಚಿ ಹಿಂದಿನದು ಇದ್ದಂತೆಯೇ ಉಳಿದರೆ, ವೇಗದ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರುವ ಪ್ರವೃತ್ತಿ ಬೆಳೆಯುತ್ತದೆ. ಆದ್ದರಿಂದಲೇ ತಿಳಿದವರು ಮುಂದಿನ ಸ್ಪ್ಲಿಟರನ್ನು ಹಿಂದಿನ ರೆಕ್ಕೆಯೊಡನೆ ತೂಗಿಸಿ ನೋಡುತ್ತಾರೆ, ಒಂದನ್ನು ಬಿಟ್ಟು ಇನ್ನೊಂದನ್ನು ಹಾಕುವುದಿಲ್ಲ.

ಕಾನೂನಿನ ಮಾತಿಗೆ ಬಂದರೆ, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಕಂಪನಿಯೇ ಆ ಮಾದರಿಗೆಂದು ಕೊಡುವ ಲಿಪ್ ಹಾಕಿಸುವುದು ಒಂದು ಮಾತು, ಬಂಪರಿನಿಂದ ಚೂಪಾಗಿ ಹೊರಚಾಚಿದ ರೆಕ್ಕೆಗಳನ್ನು ತಿರುಪು ಹಾಕಿ ಕೂರಿಸುವುದು ಇನ್ನೊಂದು. ನನಗೆ ಕಾನೂನಿಗಿಂತ ಹೆಚ್ಚು ಚಿಂತೆಯಾಗುವುದು ಆ ಚೂಪಿನದೇ. ಇಂದಿನ ಬಂಪರುಗಳು ಮೆತ್ತಗೆ, ದುಂಡಗೆ ಇರುವುದು ಪಾದಚಾರಿಯ ಕಾಲಿಗೆ ಬಡಿದರೂ ಮೂಳೆ ಉಳಿಯಲಿ ಎಂದು. ಮಾಪುಸಾದ ಸಂತೆಯ ದಿನದ ಜನಜಂಗುಳಿಯಲ್ಲಿ ಓಡಾಡುವ ಕಾರಿನ ಮೂಲೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಅಲಗಿನಂಥ ವಸ್ತು ಇರಬಾರದು. ಹಿಡಿತವೇ ಬೇಕಿದ್ದರೆ ಅದೇ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿಕೊಡಿ. ಮಳೆಗಾಲದ ಘಟ್ಟದಲ್ಲಿ ಮಗನಿಗೆ ಅದರ ಫಲ ಮೊದಲ ದಿನವೇ ಕಾಣುತ್ತದೆ.

ಪ್ರಶ್ನೆ: ನಮ್ಮ ವಿದ್ಯುತ್ ಕಾರಿಗೆ ಮುಂದೆ ಗ್ರಿಲ್ಲೇ ಇಲ್ಲ. ಕೆಳಗೆ ಮಾತ್ರ ಕಿಟಕಿಯ ಅಡ್ಡಪಟ್ಟಿಗಳಂಥವು ತಾವಾಗಿಯೇ ತೆರೆದು ಮುಚ್ಚುತ್ತವೆ. ಕೆಟ್ಟಿದೆಯೇ?
ಠಾಣೆಯ ಓದುಗರು

ಉತ್ತರ: ಕೆಟ್ಟಿಲ್ಲ. ಅವು ಗ್ರಿಲ್ ಶಟರುಗಳು. ಪೆಟ್ರೋಲ್ ಎಂಜಿನ್ನಿಗೆ ಹೋಲಿಸಿದರೆ ವಿದ್ಯುತ್ ಮೋಟಾರು ಹೊರಚೆಲ್ಲುವ ಬಿಸಿ ಬಹಳ ಕಡಿಮೆಯಾದ್ದರಿಂದ ಹೆಚ್ಚಿನ ಸಮಯ ಬಾಯಿ ಮುಚ್ಚಿಯೇ ಇರಬಹುದು. ಒಳಗೆ ಹೊಕ್ಕು ಕದಡುವ ಗಾಳಿ ಇಲ್ಲದಿದ್ದರೆ ಎಳೆತ ಇಳಿದು ಒಂದು ಚಾರ್ಜಿಗೆ ಹೆಚ್ಚು ದೂರ ಹೋಗಬಹುದು. ಬ್ಯಾಟರಿ ಅಥವಾ ಏಸಿಗೆ ತಂಪು ಬೇಕಾದಾಗ, ಮುಖ್ಯವಾಗಿ ವೇಗದ ಚಾರ್ಜಿಂಗ್ ನಡೆಯುವಾಗ, ಅವು ತೆರೆದುಕೊಳ್ಳುತ್ತವೆ. ಪುಣೆಯ ಬಳಿಯ ಚಾಕಣದಲ್ಲಿ ಜೋಡಣೆಯಾದ ಮರ್ಸಿಡಿಸ್ ಇಕ್ಯೂಎಸ್ ಕಾರಿನ ಗಾಳಿಯೆಳೆತದ ಗುಣಾಂಕ 0.20ಕ್ಕೆ ಇಳಿದಿರುವುದರಲ್ಲಿ ಮುಚ್ಚಿದ ಮುಂಭಾಗ ಮತ್ತು ನುಣುಪಾದ ತಳ ಎರಡರ ಪಾಲೂ ಇದೆ. ಶಟರುಗಳ ನಡುವೆ ಎಲೆ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ಅಟಲ್ ಸೇತುವಿನ ಮೇಲೆ ಅಡ್ಡಗಾಳಿಗೆ ನನ್ನ ಎತ್ತರದ ಕಾರು ಪಕ್ಕಕ್ಕೆ ತಳ್ಳಿಸಿಕೊಂಡಂತಾಗುತ್ತದೆ. ಮುಂದೆ ಸ್ಪಾಯ್ಲರ್ ಹಾಕಿಸಿದರೆ ಸರಿಯಾಗುವುದೇ?
ನವಿ ಮುಂಬಯಿಯ ಓದುಗರು

ಉತ್ತರ: ಆಗುವುದಿಲ್ಲ. ಮುಂದಿನ ಸ್ಪಾಯ್ಲರ್ ಎದುರುಗಾಳಿಯೊಡನೆ ವ್ಯವಹರಿಸುತ್ತದೆ. ಅಡ್ಡಗಾಳಿ ತಳ್ಳುವುದು ಕಾರಿನ ಪಕ್ಕದ ಅಗಲವಾದ ಮೈಯನ್ನು. ಸುಮಾರು 22 ಕಿ.ಮೀ. ಉದ್ದದ ಆ ಸೇತುವೆಯಲ್ಲಿ ಗಾಳಿಗೆ ಅಡ್ಡವಾಗಿ ಕಟ್ಟಡವಾಗಲಿ ಮರವಾಗಲಿ ಇಲ್ಲ. ಗಂಟೆಗೆ 100 ಕಿ.ಮೀ. ಎಂಬುದು ಅಲ್ಲಿನ ಗರಿಷ್ಠ ಮಿತಿ, ತಲುಪಲೇಬೇಕಾದ ಗುರಿಯಲ್ಲ. ಗಾಳಿ ಜೋರಾದ ದಿನ 70ಕ್ಕೆ ಇಳಿಯಿರಿ, ಟೈರಿನ ಗಾಳಿ ಸರಿಯಾಗಿರಲಿ, ಮೇಲ್ಛಾವಣಿಯ ಕ್ಯಾರಿಯರಿನಲ್ಲಿ ಸಾಮಾನು ಬೇಡ. ದೊಡ್ಡ ಲಾರಿಯನ್ನು ದಾಟುವಾಗ ಅದರ ಮರೆಯಲ್ಲಿ ಗಾಳಿ ನಿಂತು, ಮುಂದೆ ಬಂದ ಕೂಡಲೇ ಮತ್ತೆ ಬಡಿಯುತ್ತದೆ ಎಂಬುದನ್ನು ನೆನಪಿಟ್ಟು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿಯಿರಿ.

ಪ್ರಶ್ನೆ: ಏರ್ ಡ್ಯಾಮ್ ಒಡೆಯದಂತೆ ಅದರ ಮುಂದೆ ಉಕ್ಕಿನ ಗಾರ್ಡ್ ಹಾಕಿಸಿದ್ದೇನೆ. ತಪ್ಪೇ?
ವಾಸ್ಕೋದ ಓದುಗರು, ಗೋವೆ

ಉತ್ತರ: ತಪ್ಪು, ದಯವಿಟ್ಟು ತೆಗೆಸಿ. ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಅಪಘಾತದ ಪೆಟ್ಟನ್ನು ಬಂಪರು ಹಂತಹಂತವಾಗಿ ಕುಗ್ಗಿ ನುಂಗಬೇಕು, ಆ ಕುಗ್ಗುವಿಕೆಯ ಸೂಚನೆ ಸಿಕ್ಕಿದಾಗ ಏರ್‌ಬ್ಯಾಗ್ ತೆರೆಯಬೇಕು. ಉಕ್ಕಿನ ಕೊಳವೆ ಅಡ್ಡ ಬಂದರೆ ಪೆಟ್ಟು ನೇರವಾಗಿ ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗಿನ ಲೆಕ್ಕ ತಪ್ಪಬಹುದು, ಎದುರಿಗೆ ಸಿಕ್ಕ ಪಾದಚಾರಿಗೆ ಆಗುವ ಹಾನಿ ಹೇಳತೀರದು. ಅದೇ ಗಾರ್ಡ್ ಗ್ರಿಲ್ಲಿನ ಗಾಳಿಯನ್ನೂ ಅಷ್ಟಿಷ್ಟು ತಡೆಯುತ್ತದೆ. ತೆಗೆಸುವಾಗ ಕಂಪನಿಯ ಬಂಪರ್ ಬೀಮಿಗೆ ರಂಧ್ರ ಕೊರೆದಿದ್ದಾರೆಯೇ ಎಂದು ಕೆಳಗಿನಿಂದ ನೋಡಿಸಿ. ಕೊರೆದಿದ್ದರೆ ಸಮುದ್ರದಂಚಿನ ನಿಮ್ಮ ಊರಿನ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಹಿಡಿಯುವುದರಿಂದ, ಮಳೆಗಾಲಕ್ಕೆ ಮುಂಚೆ ತುಕ್ಕುನಿರೋಧಕ ಪ್ರೈಮರ್ ಹಚ್ಚಿಸಿ ರಂಧ್ರಗಳನ್ನು ಮುಚ್ಚಿಸಿ. ಏರ್ ಡ್ಯಾಮಿನ ಪಟ್ಟಿ ಹರಿದರೆ ಹೊಸದನ್ನು ಕೊಳ್ಳಬಹುದು. ಹರಿಯುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅದನ್ನು ಬೀಮಿನಿಂದ ಪ್ರತ್ಯೇಕವಾಗಿ, ಕ್ಲಿಪ್ಪುಗಳಲ್ಲಿ ಕೂರಿಸಿರುತ್ತಾರೆ.